ಹಲ್ಲಿಗೆ ಬೆಳಕಿನ ಸೇವೆ

ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡವನನ್ನು ಹೊಸಪೇಟೆಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. "ಈ ವಯಸ್ಸಿನಾಗ ಯಾರಿಗಪ್ಪಾ ಹಲ್ಲು ತೋರಿಸ್ಬೇಕು?" ಅಂತ ಅವ್ವ ಶುರು ಮಾಡಿದಳು. ಹಂಪಿಯ ಉಗ್ರನರಸಿಂಹ 1528ರಿಂದ ಹಲ್ಲು ತೋರಿಸಿಕೊಂಡೇ ಕೂತಿದ್ದಾನೆ, ಅವನನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಸಂಡೂರಿನ ಮಾವ ನನ್ನ ಬಾಯಿ ತೆರೆಸಿ ನೋಡಿ, "ನಮ್ಮ ಗುಡ್ಡದ ಅದಿರೆಲ್ಲಾ ಎಲ್ಲಿಗೆ ಹೋತು ಅಂತಿದ್ದೆ, ಇಲ್ಲೈತಿ ನೋಡು!" ಅಂದರು.

ಅವಮಾನ ನುಂಗಬಹುದು, ಖಡಕ್ ರೊಟ್ಟಿ ನುಂಗಲಾಗದು. ತಂತಿ ಬಿಗಿಸಿದ ಹೊತ್ತಿಗೆ ಏನೂ ಅನ್ನಿಸುವುದಿಲ್ಲ. ಡಾಕ್ಟರ ಮೇಲೆ ಪ್ರೀತಿಯೇ ಉಕ್ಕುತ್ತದೆ. ಕೆಲವು ಗಂಟೆ ಕಳೆದ ಮೇಲೆ ನೋವು ಹತ್ತುತ್ತದೆ, ಮರುದಿನ ನೆತ್ತಿಗೇರುತ್ತದೆ, ವಾರದೊಳಗೆ ಇಳಿಯುತ್ತದೆ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ತೆಳ್ಳನೆಯ ನಾರಿನ ಪದರವೊಂದಿದೆ. ತಂತಿ ಎಳೆದಾಗ ಅದು ಒಂದು ಮಗ್ಗುಲಿಗೆ ಅಮುಕಿಸಿಕೊಂಡು ಉರಿಯೂತ ಏಳುತ್ತದೆ. ಆ ಕಡೆಯ ಎಲುಬು ಕರಗಿ ಹಲ್ಲಿಗೆ ದಾರಿ ಬಿಡಬೇಕಾದರೂ ಈ ಉರಿಯೂತವೇ ಬೇಕು. ಅದಕ್ಕೇ ಎಷ್ಟೋ ಡಾಕ್ಟರುಗಳು ಐಬುಪ್ರೊಫೇನ್ ದಿನಾ ನುಂಗಬೇಡಿ, ಪ್ಯಾರಾಸಿಟಮಾಲ್ ಸಾಕು ಅನ್ನುತ್ತಾರೆ. ಕಂಪ್ಲಿಯ ಅತ್ತೆ ನನಗೆ ತಂತಿ ಬಿಗಿಸಿದ ವಾರವೇ ಕಬ್ಬಿನ ಜಲ್ಲೆ ಕಳಿಸಿದ್ದರು. ಪ್ರೀತಿಗೆ ಹೊತ್ತುಗೊತ್ತು ಇರುವುದಿಲ್ಲ.

ಮುಂದಿನ ಸಲ ತಂತಿ ಬಿಗಿಸಿ ಡಾಕ್ಟರು, "ಲೇಸರ್ ಕೊಡ್ತೀನ್ರೀ, ನೋವು ಕಡಿಮಿ ಆಗ್ತೈತಿ" ಅಂದರು. ಲೇಸರ್ ಅಂದರೆ ಕೊರೆಯುವುದು, ಕತ್ತರಿಸುವುದು ಅಂತಲೇ ತಿಳಿದಿದ್ದ ನಾನು ಕುರ್ಚಿಯ ಕೈ ಭದ್ರವಾಗಿ ಹಿಡಿದೆ. ಇದು ಕಡಿಮೆ ಶಕ್ತಿಯದಂತೆ, ಸುಡುವುದಿಲ್ಲವಂತೆ. ಇಬ್ಬರೂ ಬಣ್ಣದ ಕನ್ನಡಕ ಏರಿಸಿದೆವು. ಪೆನ್ನಿನಷ್ಟು ದಪ್ಪದ ಕಡ್ಡಿಯನ್ನು ಒಂದೊಂದೇ ಹಲ್ಲಿನ ಬುಡಕ್ಕೆ, ವಸಡಿನ ಮೇಲೆ, ಕೆಲವು ಸೆಕೆಂಡು ಇಟ್ಟರು. ಅವಕೆಂಪು ಕಿರಣ ಕಣ್ಣಿಗೆ ಕಾಣುವುದಿಲ್ಲ, ಬಿಸಿ ಇಲ್ಲ, ಸದ್ದೂ ಇಲ್ಲ. ಕಾಣುವುದು ಬಿಲ್ಲು ಮಾತ್ರ.

ಈ ವಿದ್ಯೆಯ ಮೂಲಪುರುಷ ಹಂಗೇರಿಯ ಎಂಡ್ರೆ ಮೆಸ್ಟರ್. 1967ರಲ್ಲಿ ಬುಡಾಪೆಸ್ಟಿನಲ್ಲಿ ಇಲಿಗಳ ಬೆನ್ನು ಬೋಳಿಸಿ, ಲೇಸರಿನಿಂದ ಕ್ಯಾನ್ಸರ್ ಬರುತ್ತದೋ ಎಂದು ಬೆಳಕು ಬಿಟ್ಟು ನೋಡಿದರು. ಕ್ಯಾನ್ಸರ್ ಬರಲಿಲ್ಲ, ಕೂದಲು ಬೇಗ ಬಂತು! ಡಾಕ್ಟರು ಈ ಕಥೆ ಹೇಳುತ್ತಿದ್ದಂತೆ ನನ್ನ ಕೈ ತಂತಾನೇ ನೆತ್ತಿಗೆ ಹೋಯಿತು. "ಮಿಕ್ಕ ಬೆಳಕು ಸ್ವಲ್ಪ ಮೇಲಕ್ಕೂ ಬಿಡ್ರಿ ಸರ್" ಅಂದೆ. ಕೇಳಿಸದವರಂತೆ ಕೈತೊಳೆಯಲು ಹೋದರು.

ಮನೆಯಲ್ಲಿ ಅವ್ವನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ವಿರೂಪಾಕ್ಷನ ಗುಡಿಯಾಗ ಸಣ್ಣ ಕಿಂಡಿಯಾಗಿಂದ ಬಂದ ಬೆಳಕು ಅಷ್ಟು ದೊಡ್ಡ ಗೋಪುರದ ನೆರಳನ್ನ ತಲಿಕೆಳಗ ಮಾಡ್ತೈತಿ, ನಿನ್ನ ಹಲ್ಲು ಯಾವ ಲೆಕ್ಕ?"

ಆ ರಾತ್ರಿ ನೋವು ಕಡಿಮೆ ಇದ್ದದ್ದು ನಿಜ. ಬೆಳಕಿನಿಂದಲೋ, ದುಡ್ಡು ಕೊಟ್ಟಿದ್ದೇನೆಂಬ ನಂಬಿಕೆಯಿಂದಲೋ? ಈ ಅನುಮಾನ ನನ್ನೊಬ್ಬನದಲ್ಲ. ಕೆಲವರಿಗೆ ನಿಜವಾದ ಲೇಸರ್, ಕೆಲವರಿಗೆ ಬರೀ ಕಡ್ಡಿ ಹಿಡಿದು ಪರೀಕ್ಷೆ ಮಾಡಿದ್ದಾರೆ. ಇಂಥವನ್ನೆಲ್ಲ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ, ಮೊದಲ ಕೆಲವು ದಿನಗಳ ನೋವು ತಗ್ಗಬಹುದು, ಆದರೆ ಪುರಾವೆ ಗಟ್ಟಿಯಿಲ್ಲ ಅಂದಿತು.

ಆದ್ದರಿಂದ ಕ್ಲಿಪ್ಪಿನ ಬಂಧುಗಳೇ, ಪುಕ್ಕಟೆ ಕೊಟ್ಟರೆ ಲೇಸರ್ ಬೇಡವೆನ್ನಬೇಡಿ. ದುಡ್ಡು ಕೇಳಿದರೆ, ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಅಂತ ಮೊದಲು ವಿಚಾರಿಸಿ. ಎರಡು ದಿನ ಮೊಸರನ್ನ ಉಣ್ಣಿ. ಕಬ್ಬನ್ನು ಪಕ್ಕದ ಮನೆಯ ಹುಡುಗರಿಗೆ ಕೊಟ್ಟುಬಿಡಿ.