ಅಳಿಯನ ಅರ್ಹತೆ

(ಸರ್ಕಾರಿ ನಿಗಮವೊಂದರ ಅಧ್ಯಕ್ಷರ ಕೊಠಡಿ)

ಅಧ್ಯಕ್ಷರು: ಒಂದು ಹುದ್ದೆಗೆ ಎಷ್ಟು ಅರ್ಜಿ ಬಂದಿವೆ ರಾಯರೇ?

ಗುಮಾಸ್ತ: 40 ಸಾರ್. ಒಂದು ತಮ್ಮ ಅಳಿಯಂದಿರದು.

ಅಧ್ಯಕ್ಷರು: ಸ್ವಜನಪಕ್ಷಪಾತ ನನಗಾಗದು! ಎಲ್ಲರಿಗೂ ಒಂದೇ ಪರೀಕ್ಷೆ ಇಡಿ.

ಗುಮಾಸ್ತ: ಪ್ರಶ್ನೆಪತ್ರಿಕೆ ಯಾರು ಮಾಡೋದು ಸಾರ್?

ಅಧ್ಯಕ್ಷರು: ಅಳಿಯನೇ ಮಾಡಲಿ, ಮನೇಲಿ ಸುಮ್ಮನೆ ಕೂತಿದ್ದಾನೆ.

ಗುಮಾಸ್ತ: ಸರ್ಕಾರಿ ನೌಕರಿಯಲ್ಲಿ ವಂಶ ನೋಡಿ ತಾರತಮ್ಯ ಮಾಡಬಾರದು ಅನ್ನುತ್ತೆ ಸಂವಿಧಾನದ 16ನೇ ವಿಧಿ...

ಅಧ್ಯಕ್ಷರು: ಅಳಿಯ ನಮ್ಮ ವಂಶದವನಲ್ಲವಲ್ಲ, ಬೀಗರ ವಂಶ!

ಗುಮಾಸ್ತ: ಉಳಿದ 39 ಜನ?

ಅಧ್ಯಕ್ಷರು: ಅವರೂ ಯಾರದಾದರೂ ಅಳಿಯಂದಿರಾಗಲಿ. ಬೇಡ ಅಂದವರ್ಯಾರು? ಅವಕಾಶ ಎಲ್ಲರಿಗೂ ಮುಕ್ತ.

ಗುಮಾಸ್ತ: ತಾವು ಅಧ್ಯಕ್ಷರಾಗೋಕೆ ಯಾವ ಪರೀಕ್ಷೆ ಬರೆದಿರಿ ಸಾರ್?

ಅಧ್ಯಕ್ಷರು: ನಮ್ಮಣ್ಣ ಬರೆದ. ಚುನಾವಣೆ.

ಮರುದಿನ ನಿಗಮದ ಬಾಗಿಲಿಗೆ ‘ಅರ್ಹತೆಯೇ ಮಾನದಂಡ’ ಎಂಬ ಫಲಕ ಬಿತ್ತು. ಫಲಕದ ಗುತ್ತಿಗೆ ಭಾವಮೈದುನನದು.