ಮಣಿಪಾಲಕ್ಕೆ ಹೋಗಿಬಂದವರು

‘ಮಣಿಪಾಲಕ್ಕೆ ಹೋಗಿಬಂದವರು’ ಉತ್ತರ ಕನ್ನಡ ಜಿಲ್ಲೆಯ ಊರೂರಲ್ಲೂ ಇದ್ದಾರೆ. ವಯಸ್ಸು ಐವತ್ತು ದಾಟಿರುತ್ತದೆ. ಒಂದಿಷ್ಟು ಅಡಿಕೆ ತೋಟ, ಸೊಸೈಟಿಯಲ್ಲಿ ಒಂದಿಷ್ಟು ಸಾಲ, ಬೆಂಗಳೂರಿನಲ್ಲಿ ಒಬ್ಬ ಮಗ. ಕಾಯಿಲೆ ಯಾವುದೂ ಆಗಬಹುದು. ಇವರ ಗುರುತು ಕಾಯಿಲೆಯಲ್ಲ, ತೃಪ್ತಿ.

ಈ ವರ್ಗ ಹುಟ್ಟಿದ್ದಕ್ಕೆ ಭೂಗೋಳವೂ ಸ್ವಲ್ಪ ಕಾರಣ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂಬ ಕೂಗು 2019ರಲ್ಲಿ ಟ್ವಿಟರಿನಲ್ಲಿ ಎದ್ದಿತು, 2022ರಲ್ಲಿ ಬೀದಿಗೂ ಇಳಿಯಿತು. ದೊಡ್ಡ ಕಾಯಿಲೆ ಬಂದರೆ ಹಳಿಯಾಳ, ಮುಂಡಗೋಡದವರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. ಕಾರವಾರದವರಿಗೆ ಗೋವಾ ಹತ್ತಿರ. ಆದರೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು 2018ರಿಂದ ಹೊರರಾಜ್ಯದವರಿಗೆ ಶುಲ್ಕ ಹಾಕತೊಡಗಿತು. ಉಳಿದವರೆಲ್ಲ ದಕ್ಷಿಣಕ್ಕೆ, ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲವೆಂಬ ಬೋಳುಗುಡ್ಡದ ಊರಲ್ಲಿ ಕಟ್ಟಿದ ಮೆಡಿಕಲ್ ಕಾಲೇಜಿನ ಕಡೆಗೆ.

ಹೊರಡುವ ಮುನ್ನ ಊರಿನ ಡಾಕ್ಟರಿಗೆ ತೋರಿಸುವ ಶಾಸ್ತ್ರವೊಂದಿದೆ. ಅವರು ಹೊಟ್ಟೆ ಒತ್ತಿ, ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆಯುತ್ತಾರೆ. ಎರಡು ನಿಮಿಷದಲ್ಲಿ ಹೇಳಿದ್ದನ್ನು ನಂಬುವುದು ಹೇಗೆ? ಮಣಿಪಾಲದಲ್ಲಿ ರಕ್ತ, ಇಸಿಜಿ, ಎಕೋ, ಸ್ಕ್ಯಾನಿಂಗ್ ಎಲ್ಲ ಮುಗಿದು ಮೂರನೆಯ ದಿನ ಗ್ಯಾಸ್ಟ್ರಿಕ್ ಎಂದೇ ತೀರ್ಮಾನವಾಗುತ್ತದೆ. ಮಾತ್ರೆಯೂ ಅದೇ, ಕಂಪನಿ ಮಾತ್ರ ಬೇರೆ. ಹೋಗಿಬಂದವರ ಲೆಕ್ಕದಲ್ಲಿ ಮೊದಲನೆಯದು ಅಂದಾಜು, ಎರಡನೆಯದು ಪತ್ತೆ.

ಆಸ್ಪತ್ರೆಯ ಗುಣಮಟ್ಟವನ್ನು ಸೌಕರ್ಯ, ಉಪಚಾರದ ಕ್ರಮ, ಫಲಿತಾಂಶ ಎಂದು ಮೂರು ಬಗೆಯಲ್ಲಿ ಅಳೆಯಬಹುದೆಂದು ಸಂಶೋಧಕ ಅವೇಡಿಸ್ ಡೊನಬೇಡಿಯನ್ 1966ರಲ್ಲೇ ಬರೆದರು. ದೂರ ಎಂಬ ನಾಲ್ಕನೆಯ ಅಳತೆ ಅವರಿಗೆ ಹೊಳೆದಿರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಅರ್ಧ ಗಂಟೆ ಕೂರಿಸಿದರೆ ಅದು ಬೇಜವಾಬ್ದಾರಿ. ಮಣಿಪಾಲದಲ್ಲಿ ಟೋಕನ್ ಹಿಡಿದು ಮಧ್ಯಾಹ್ನದವರೆಗೆ ಕೂತರೆ, ‘ಎಷ್ಟು ಜನ ಬರ್ತ್ರು ಗೊತ್ತಿದ್ದಾ’ ಎಂಬ ಹೆಮ್ಮೆ. ಇಲ್ಲಿನ ಡಾಕ್ಟರು ಮಾತಾಡದಿದ್ದರೆ ಸೊಕ್ಕು, ಅಲ್ಲಿನವರು ಮಾತಾಡದಿದ್ದರೆ ಗಾಂಭೀರ್ಯ. ಕಲಿಕೆಯ ಆಸ್ಪತ್ರೆಯಾದ್ದರಿಂದ ವಿದ್ಯಾರ್ಥಿಗಳ ಹಿಂಡೊಂದು ಸುತ್ತ ನಿಂತು ಸರದಿಯಂತೆ ಹೊಟ್ಟೆ ಒತ್ತಿ ಹೋಗುತ್ತದೆ; ಊರಿಗೆ ಮರಳುವಷ್ಟರಲ್ಲಿ ಅದು ‘ಎಂಟು ಜನ ಡಾಕ್ಟರು ಕೂಡಿ ನೋಡಿದರು’ ಎಂದಾಗಿರುತ್ತದೆ. ಚಿಕಿತ್ಸೆ ಏನೆಂದು ಕೇಳಿದರೆ ಉತ್ತರ ಗಿಡ್ಡ. ಲಿಫ್ಟು, ಕ್ಯಾಂಟೀನಿನ ಇಡ್ಲಿ, ಟೈಗರ್ ಸರ್ಕಲ್ಲಿನ ಟ್ರಾಫಿಕ್ಕು, ಹೋದದ್ದಕ್ಕೆ ಮುಗಿಸಿಬಂದ ಉಡುಪಿ ಕೃಷ್ಣನ ದರ್ಶನ ಇವುಗಳ ವರ್ಣನೆ ಮಾತ್ರ ಎರಡು ಚಹಾ ಮುಗಿದರೂ ಮುಗಿಯುವುದಿಲ್ಲ.

ತಾಲೂಕು ಆಸ್ಪತ್ರೆಯನ್ನು ಇಷ್ಟು ಬೈಯುವವರೂ ಒಂದು ದಿನ ಮಾತ್ರ ಅದರ ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಉಂಟು; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ವೆಚ್ಚದ ಶೇ. 30, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಇದು ಸಿಗಲು ಸರ್ಕಾರಿ ಡಾಕ್ಟರ ರೆಫರಲ್ ಚೀಟಿ ಬೇಕು. ‘ಇಲ್ಲಿ ಏನೂ ಗೊತ್ತಾಗುವುದಿಲ್ಲ’ ಎಂದು ಯಾರ ಬಗ್ಗೆ ಹೇಳಿದ್ದರೋ ಅವರಿಂದಲೇ ಬರೆಸಿಕೊಳ್ಳಬೇಕಾಗುತ್ತದೆ. ಡಾಕ್ಟರೂ ಪಾಪ, ಬರೆದುಕೊಡುತ್ತಾರೆ.

ಜೊತೆಗೆ ಹೋದ ಹೆಂಡತಿಯ ತೃಪ್ತಿಯನ್ನು ಯಾರೂ ಅಳೆಯುವುದಿಲ್ಲ. ಫೈಲು ಹಿಡಿದು ಬಿಲ್ಲಿನ ಕೌಂಟರಿಗೂ ಔಷಧಿ ಅಂಗಡಿಗೂ ಓಡಾಡಿದವರು ಅವರು. ರಾತ್ರಿ ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಸಿಕೊಂಡವರೂ ಅವರೇ. ಗಂಡ ಜಗಲಿಯಲ್ಲಿ ಖರ್ಚನ್ನು ಗೌರವದ ಲೆಕ್ಕದಲ್ಲಿ ಹೇಳುತ್ತಿದ್ದರೆ ಒಳಗಿನಿಂದ ಒಂದು ತಿದ್ದುಪಡಿ ಬರುತ್ತದೆ: ‘ಔಷಧಿಗಿಂತ ಕಾರಿನ ಬಾಡಿಗೆಯೇ ಹೆಚ್ಚಾತು.’ ಅದನ್ನು ಗಂಡ ಕೇಳಿಸಿಕೊಳ್ಳುವುದಿಲ್ಲ. ಅಷ್ಟು ದುಡ್ಡು ಸುರಿದು ಬಂದವರು ಅತೃಪ್ತಿಯನ್ನೂ ಹೊರುವುದು ಕಷ್ಟ.

ಇವರಲ್ಲೂ ಶ್ರೇಣಿಗಳಿವೆ. ಬೆಂಗಳೂರಿನ ಜಯದೇವ, ನಿಮ್ಹಾನ್ಸ್ ಕಂಡವರು ಒಂದು ಮೆಟ್ಟಿಲು ಮೇಲೆ. ವೆಲ್ಲೂರಿಗೆ ಹೋದವರು ಇನ್ನೂ ಮೇಲೆ. ಮದುವೆ ಮನೆಯ ಪಂಕ್ತಿಯಲ್ಲಿ ವೆಲ್ಲೂರಿನವರು ಪಕ್ಕಕ್ಕೆ ಬಂದು ಕೂತರೆ ಮಣಿಪಾಲದವರ ದನಿ ತಾನಾಗಿ ತಗ್ಗುತ್ತದೆ. ಊರಿನಲ್ಲಿ ಯಾರಿಗಾದರೂ ಬೆನ್ನು ನೋವೆಂದು ಗೊತ್ತಾದರೆ ಮಾತ್ರ ಮತ್ತೆ ಏರುತ್ತದೆ. ಯಾವ ದಿನ ಯಾವ ಡಾಕ್ಟರು, ಯಾವ ಲಾಡ್ಜಿನಲ್ಲಿ ಬಿಸಿನೀರು ಎಂಬುದೆಲ್ಲ ಇವರಿಗೆ ಬಾಯಿಪಾಠ. ನಿಜಕ್ಕೂ ಗಂಭೀರ ಕಾಯಿಲೆ ಬಂದ ಮನೆಗೆ ಈ ಮಾಹಿತಿಯೇ ದೊಡ್ಡ ಆಸರೆಯಾಗುತ್ತದೆ ಎಂಬುದನ್ನೂ ಒಪ್ಪಬೇಕು.

ಮೂರು ತಿಂಗಳಿಗೆ ರಿವ್ಯೂ. ನೋವು ಇಲ್ಲದಿದ್ದರೂ ಅದನ್ನು ತಪ್ಪಿಸುವುದಿಲ್ಲ. ಅಕ್ಕಪಕ್ಕದವರ ಫೈಲುಗಳನ್ನೂ ಚೀಲಕ್ಕೆ ತುಂಬಿಕೊಂಡು ಹೊರಡುತ್ತಾರೆ. ತಾರೀಖು ಅಡಿಕೆ ಕೊಯ್ಲಿಗೆ ಅಡ್ಡ ಬಂದರೆ ಮಾತ್ರ ಹದಿನೈದು ದಿನ ಮುಂದೆ ಹೋಗುತ್ತದೆ.