ಡಿಗ್ರಿ ಸಾವ್ಕಾರ

ಟರ್ಬೋ ಕಾರಿನ ಎಂಜಿನ್ ಎಷ್ಟು ಕಾಯಬೇಕು ಎಂಬುದು ಅದನ್ನು ಮಾಡಿದವರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದು ನಂಬಿದ ಗೃಹಸ್ಥನೇ ಡಿಗ್ರಿ ಸಾವ್ಕಾರ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಜೋಡಿಸುವ 150ಎ ಹೆದ್ದಾರಿಯ ಉದ್ದಕ್ಕೂ ಈತ ಸಿಗುತ್ತಾನೆ. ವಯಸ್ಸು ನಲವತ್ತು ದಾಟಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗದ್ದೆಯೋ, ಗೊಬ್ಬರದ ಅಂಗಡಿಯೋ, ರೈಸ್ ಮಿಲ್ಲಿನಲ್ಲಿ ಪಾಲೋ ಇರುತ್ತದೆ. ಗಾಡಿ ಡೀಸೆಲ್ಲಿನದು, ಬಣ್ಣ ಬಿಳಿ. ಇಷ್ಟರಿಂದಲೇ ಈತನನ್ನು ಗುರುತಿಸಲಾಗದು. ಸಿಂಧನೂರಿನಲ್ಲಿ ಇಂಥವರು ಓಣಿಗೆ ಹತ್ತು ಜನ. ಗುರುತು ಇರುವುದು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದ ಕಡ್ಡಿಪೆಟ್ಟಿಗೆ ಗಾತ್ರದ ಬ್ಲೂಟೂತ್ ಸ್ಕ್ಯಾನರ್‌ನಲ್ಲಿ, ಮತ್ತು ಡ್ಯಾಶ್‌ಬೋರ್ಡಿಗೆ ಅಂಟಿಸಿದ ಎರಡನೇ ಮೊಬೈಲಿನಲ್ಲಿ. ಅದರ ಪರದೆಯ ಮೇಲೆ ಎರಡು ಅಂಕಿ ಕುಣಿಯುತ್ತಿರುತ್ತವೆ: ಒಂದು ಕೂಲಂಟಿನದು, ಇನ್ನೊಂದು ಎಂಜಿನ್ನಿಗೆ ಹೋಗುವ ಗಾಳಿಯದು. ರಸ್ತೆಗೆ ಅಡ್ಡ ಬರುವ ಎಮ್ಮೆಗೆ ಮೂರನೆಯ ಸ್ಥಾನ.

ಸ್ಕ್ಯಾನರ್ ಬರುವ ಮೊದಲು ಈತ ಸುಖವಾಗಿದ್ದ. ಈಗಿನ ಬಹಳಷ್ಟು ಕಾರುಗಳಲ್ಲಿ ತಾಪಮಾನದ ಮುಳ್ಳು ಇದ್ದುದನ್ನು ಇದ್ದಂತೆ ಹೇಳುವುದಿಲ್ಲ. ಕೂಲಂಟ್ 80 ಡಿಗ್ರಿಯಲ್ಲಿರಲಿ, 100ರಲ್ಲಿರಲಿ, ಮುಳ್ಳು ನಟ್ಟನಡುವೆ ನಿಲ್ಲುವಂತೆ ಕಂಪನಿಯವರೇ ಹೊಂದಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿ ಕಾದರೆ ಕೆಂಪು ದೀಪ. ಐದು ಡಿಗ್ರಿ ಏರಿದಾಗಲೆಲ್ಲ ಗಿರಾಕಿ ಶೋರೂಮಿಗೆ ಓಡಿ ಬರಬಾರದೆಂದು ಮಾಡಿದ ಈ ಏರ್ಪಾಟನ್ನು ಕೆಲವೇ ನೂರು ರೂಪಾಯಿಯ ಸ್ಕ್ಯಾನರ್ ಕೆಡಿಸಿಬಿಟ್ಟಿತು.

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಸಾವ್ಕಾರ ಶಾಲೆಯಲ್ಲಿ ಓದಿದ್ದಾನೆ. ಆತನ ಭಯದ ಬೇರು ಅಲ್ಲಿದೆ. ರೇಡಿಯೇಟರಿನಲ್ಲಿ ಇರುವುದು ಬರೀ ನೀರಲ್ಲ, ಹೆಚ್ಚುಕಡಿಮೆ ಅರ್ಧ ಎಥಿಲೀನ್ ಗ್ಲೈಕಾಲ್. ಮೇಲಾಗಿ ಮುಚ್ಚಳ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ಬಾರ್ ಹೆಚ್ಚಿಗೆ ಹಿಡಿದಿಡುತ್ತದೆ. ಹೀಗಾಗಿ ಈ ಮಿಶ್ರಣ 120 ದಾಟುವವರೆಗೂ ಕುದಿಯುವುದಿಲ್ಲ. ಎಂಜಿನ್ ಬೇಗ ಕಾಯಲೆಂದು ಥರ್ಮೋಸ್ಟಾಟ್ ಕೂಲಂಟ್ 80, 90 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿನ ದಾರಿಯನ್ನೇ ತೆರೆಯುವುದಿಲ್ಲ. ಆಮೇಲೆ ದಾರಿಯ ಮೇಲೆ 85ರಿಂದ 100ರೊಳಗೆ ಓಡಾಡುವುದು, ಟ್ರಾಫಿಕ್ಕಿನಲ್ಲಿ ನಿಂತಾಗ ಇನ್ನೊಂದಿಷ್ಟು ಏರುವುದು, ಫ್ಯಾನ್ ತಿರುಗಿ ಮತ್ತೆ ಇಳಿಸುವುದು ಎಲ್ಲ ಸಹಜ. 110 ದಾಟಿ ಏರುತ್ತಲೇ ಹೋದರೆ, ಇಲ್ಲವೇ ಕೆಂಪು ದೀಪ ಬಂದರೆ, ಆಗ ಗಾಡಿ ನಿಲ್ಲಿಸಲೇಬೇಕು. ಹೆಡ್ ಗ್ಯಾಸ್ಕೆಟ್ ಹೋದರೆ ಒಂದು ಬೆಳೆಯ ಲಾಭ ಅದರ ಜೊತೆಗೇ ಹೋಗುತ್ತದೆ.

ಸಾವ್ಕಾರ 110ರವರೆಗೆ ಕಾಯುವವನಲ್ಲ. 98ಕ್ಕೆ ಎಸಿ ಬಂದ್ ಮಾಡುತ್ತಾನೆ. 101 ಕಂಡರೆ ಹೀಟರ್ ಹಚ್ಚುತ್ತಾನೆ. ಹೀಟರ್ ಎಂಬುದು ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಕಾರಿನೊಳಗೆ ಸುರಿಯುತ್ತದೆ. ಎಂಜಿನ್ ನಿಜಕ್ಕೂ ಕುದಿಯುವಾಗ ಇದು ಒಳ್ಳೆಯ ಉಪಾಯವೇ. ಮೇ ತಿಂಗಳು, ಹೊರಗೆ 42 ಡಿಗ್ರಿ, ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು ಲಗ್ನಕ್ಕೆ ಹೊರಟ ಮೂವರು ಇರುವಾಗ ಅದರ ಗುಣ ಯಾರಿಗೂ ಕಾಣುವುದಿಲ್ಲ. ಮಂಟಪದ ಮುಂದೆ ಗಾಡಿ ನಿಂತರೂ ಎಂಜಿನ್ ನಿಲ್ಲುವುದಿಲ್ಲ.

“ಇಳೀಲೇನ್ರೀ?”

“ತಡಿ, ಟರ್ಬೋ ತಣ್ಣಗಾಗ್ಲಿ.”

“ಅದು ತಣ್ಣಗಾಗೂತನ ನಾವು ಬೇಯಬೇಕೇನು?”

ಇಳಿಯಲಿಕ್ಕೆ ಯಾವ ಅಡ್ಡಿಯೂ ಇಲ್ಲವೆಂಬುದು ಇಬ್ಬರಿಗೂ ಹೊಳೆದಿರುವುದಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಓಡಿ ಬಂದ ಮೇಲೆ ಅರ್ಧ ನಿಮಿಷ, ಒಂದು ನಿಮಿಷ ಎಂಜಿನ್ ಸುಮ್ಮನೆ ತಿರುಗಲು ಬಿಡುವುದು ಸರಿಯಾದ ರೂಢಿ. ಟರ್ಬೋದ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಕಲಾಗುವುದು ತಪ್ಪುತ್ತದೆ. ಸಾವ್ಕಾರ ಈ ರೂಢಿಯನ್ನು ಓಣಿ ತುದಿಯಿಂದ ಹಾಲು ತರುವ ಪಯಣಕ್ಕೂ ಪಾಲಿಸುತ್ತಾನೆ.

ಎರಡನೆಯ ಅಂಕಿಯ ಸಂಕಟ ಇದಕ್ಕಿಂತ ದೊಡ್ಡದು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 42 ಡಿಗ್ರಿಯ ಗಾಳಿಯನ್ನು ಟರ್ಬೋ ಎರಡು ಪಟ್ಟು ಒತ್ತಡಕ್ಕೆ ತಂದಾಗ ಅದರ ಬಿಸಿ 140ರ ಆಸುಪಾಸಿಗೆ ಹೋಗುತ್ತದೆ. ಅಷ್ಟು ಕಾದ ಗಾಳಿ ತೆಳುವಾಗಿರುತ್ತದೆ, ಇಂಧನ ಉರಿಯಲು ಬೇಕಾದ ಆಮ್ಲಜನಕ ಅದರಲ್ಲಿ ಕಡಿಮೆ. ಅದಕ್ಕೇ ನಡುವೆ ಇಂಟರ್‌ಕೂಲರ್ ಇಟ್ಟಿದ್ದಾರೆ. ಅದು ಹೊರಗಿನ ಗಾಳಿಯಿಂದಲೇ ಒಳಗಿನ ಗಾಳಿಯನ್ನು ತಣಿಸಬೇಕಾದ್ದರಿಂದ ಹೊರಗಿನದಕ್ಕಿಂತ ಹತ್ತು, ಹದಿನೈದು, ಇಪ್ಪತ್ತು ಡಿಗ್ರಿ ಮೇಲೆಯೇ ಅದರ ಕೆಲಸ ಮುಗಿಯುತ್ತದೆ. ಅಂದರೆ ಸಿಂಧನೂರಿನ ಮೇ ತಿಂಗಳಿಗೆ 55, 60 ತೀರಾ ಸಾಮಾನ್ಯ. ಸಾವ್ಕಾರ ಎಲ್ಲೋ ತಣ್ಣನೆಯ ದೇಶದ ಲೆಕ್ಕ ನೋಡಿ 35 ಇರಬೇಕೆಂದು ಹಟ ಹಿಡಿದಿದ್ದಾನೆ. ಆ ತಿಂಗಳಲ್ಲಿ 35 ಡಿಗ್ರಿ ಸಿಂಧನೂರಿನ ಬೇವಿನ ಮರದ ಬುಡದಲ್ಲೂ ಮಧ್ಯಾಹ್ನ ಸಿಗುವುದಿಲ್ಲ. 60ಕ್ಕೂ 35ಕ್ಕೂ ಗಾಳಿಯ ಸಾಂದ್ರತೆಯಲ್ಲಿ ಇರುವ ವ್ಯತ್ಯಾಸ ನೂರಕ್ಕೆ ಎಂಟರಷ್ಟು. ಗಾಡಿ ತುಸು ಮಂದವೆನಿಸಬಹುದು, ಎಂಜಿನ್ ಕೆಡುವುದಿಲ್ಲ.

ಮಸ್ಕಿಯಲ್ಲಿ ಈ ರೋಗದ ಇನ್ನೊಂದು ಬಗೆ ನೋಡಸಿಗುತ್ತದೆ. ಅಲ್ಲಿನ ಗುಡ್ಡದ ಅಶೋಕನ ಶಾಸನ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿತ್ತು. ದೇವಾನಾಂಪ್ರಿಯನೇ ಅಶೋಕ ಎಂಬುದು ಅದರಿಂದ ಖಚಿತವಾಯಿತು. ಬೆಂಗಳೂರಿನ ಬೀಗರು ಬಂದರೆ ಅದನ್ನು ತೋರಿಸಲೇಬೇಕು. ಮಸ್ಕಿಯ ಸಾವ್ಕಾರ ಅವರನ್ನು “ನೀವು ನೋಡಿ ಬರ್ರಿ” ಎಂದು ಮೇಲೆ ಕಳಿಸಿ ತಾನು ಗಾಡಿ ಕಾಯುತ್ತಾನೆ. ಬಿಸಿಲಲ್ಲಿ ನಿಂತ ಕಾರನ್ನು ಮತ್ತೆ ಚಾಲೂ ಮಾಡಿದಾಗ ಗಾಳಿಯ ಅಂಕಿ 70 ತೋರಿಸುತ್ತದೆ. ಎಂಜಿನ್ ನಿಂತ ಮೇಲೆ ಅದರ ಕಾವು ಬಾನೆಟ್ ಒಳಗೇ ಉಳಿದು ಸೆನ್ಸರ್‌ ಅನ್ನೂ ಕಾಯಿಸಿರುತ್ತದೆ. ಒಂದೆರಡು ಕಿಲೋಮೀಟರ್ ಓಡಿದರೆ ಹೊಸ ಗಾಳಿ ಬಂದು ಅಂಕಿ ತಾನಾಗಿ ಇಳಿಯುತ್ತದೆ. ಸಾವ್ಕಾರ ಓಡಿಸುವುದಿಲ್ಲ, ಬಾನೆಟ್ ಎತ್ತಿ ನಿಲ್ಲುತ್ತಾನೆ. ಶಾಸನ ನೋಡಿ ಇಳಿದ ಬೀಗರು ಗಾಡಿ ಕೆಟ್ಟಿತೆಂದು ತಿಳಿದು ಬಸ್ಸಿನ ವೇಳೆ ವಿಚಾರಿಸತೊಡಗುತ್ತಾರೆ.

ಲಿಂಗಸುಗೂರಿನಲ್ಲಿ ವಾದಗಳು ನಡೆಯುತ್ತವೆ. ಬೆಳಿಗ್ಗೆ ಒಗ್ಗರಣೆ-ಮಿರ್ಚಿಯ ಮುಂದೆ ಇಬ್ಬರು ಸಾವ್ಕಾರರು ಎದುರಾದರೆ ಮೊದಲು ಅಂಕಿಗಳ ವಿನಿಮಯ ಆಗುತ್ತದೆ, ಕುಶಲ ಆಮೇಲೆ. ನಿನ್ನೆ ಮಧ್ಯಾಹ್ನ ಒಬ್ಬನದು 46, ಮತ್ತೊಬ್ಬನದು 58. 46ರವನು ಮೀಸೆ ತಿರುವುತ್ತಾನೆ, 58ರವನಿಗೆ ಮಿರ್ಚಿ ಗಂಟಲಲ್ಲಿ ಇಳಿಯುವುದಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಹಟ್ಟಿ ಚಿನ್ನದ ಗಣಿಯ ಕಂಪ್ರೆಸರ್ ವಿಭಾಗದಿಂದ ನಿವೃತ್ತರಾದವರೊಬ್ಬರು ಚಹಾ ಕುಡಿಯುತ್ತಿರುತ್ತಾರೆ. ಬಂಡೆ ಕೊರೆಯುವ ಯಂತ್ರಗಳಿಗೆ ಗಾಳಿ ಒತ್ತಿ ಕಳಿಸುವುದರಲ್ಲೇ ಅವರ ಉದ್ಯೋಗಜೀವನ ಕಳೆದಿದೆ. ಮೊದಲನೆಯವನ ಸೆನ್ಸರ್ ಇರುವುದು ಏರ್ ಫಿಲ್ಟರಿನ ಹತ್ತಿರ, ಟರ್ಬೋಗಿಂತ ಮೊದಲು. ಎರಡನೆಯವನದು ಇಂಟರ್‌ಕೂಲರ್ ದಾಟಿದ ಮೇಲೆ. ಎರಡೂ ಬೇರೆ ಬೇರೆ ಜಾಗದ ಗಾಳಿ ಎಂದು ಅವರು ಸಾವಕಾಶವಾಗಿ ತಿಳಿಸುತ್ತಾರೆ. ಇಡೀ ತಾಲೂಕಿನಲ್ಲಿ ಈ ಬಗ್ಗೆ ಸರಿಯಾಗಿ ಹೇಳಬಲ್ಲ ಈ ಮನುಷ್ಯನ ಬಳಿ ಕಾರಿಲ್ಲ. ಕಾರಿಲ್ಲದವರ ಮಾತಿಗೆ ಆ ಹೋಟೆಲಿನಲ್ಲಿ ಬೆಲೆಯೂ ಇಲ್ಲ.

ಇನ್ನು ನಿಜವಾಗಿ ಕಾಯುವ ಗಾಡಿಗಳ ವಿಷಯ. ಈ ಸೀಮೆಯಲ್ಲಿ ಅದಕ್ಕೆ ಕಾರಣ ಬಹುಪಾಲು ಎರಡು. ಒಂದು, ಕೂಲಂಟ್ ಕಡಿಮೆಯಾದಾಗ ಸುರಿಯುವ ಬೋರ್‌ವೆಲ್ ನೀರು. ಅದರ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರಗಟ್ಟುತ್ತದೆ. ಇನ್ನೊಂದು ನೆಲ್ಲಿನ ಹೊಟ್ಟು. ಕಟಾವು ಮಷೀನುಗಳು ಗದ್ದೆಗಿಳಿದ ಕಾಲದಲ್ಲಿ ಸಿಂಧನೂರಿನ ಗಾಳಿಯಲ್ಲಿ ಹೊಟ್ಟು ಹಾರಾಡುತ್ತಿರುತ್ತದೆ. ಕಾರಿನ ಮುಂಭಾಗದ ಜಾಳಿಯಲ್ಲಿ ನುಗ್ಗಿ, ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಧೂಳು, ಎಣ್ಣೆಜಿಡ್ಡಿನ ಜೊತೆ ಸೇರಿ ಕಂಬಳಿಯಾಗುತ್ತದೆ. ಇದನ್ನು ತೋರಿಸುವ ಸೆನ್ಸರ್ ಯಾವ ಗಾಡಿಯಲ್ಲೂ ಇಲ್ಲ. ಆದ್ದರಿಂದ ಸಾವ್ಕಾರನ ಮಟ್ಟಿಗೆ ಅದು ಇಲ್ಲವೇ ಇಲ್ಲ.

ಕೊನೆಗೆ ಅಂಕಿ 106 ಮುಟ್ಟಿದ ದಿನ ಆತ ಗ್ಯಾರೇಜಿಗೆ ಬರುತ್ತಾನೆ, ಮೂರು ತಿಂಗಳ ಅಂಕಿಗಳನ್ನು ಬರೆದಿಟ್ಟ ನೋಟ್‌ಬುಕ್ಕಿನ ಸಮೇತ. ಮೇಸ್ತ್ರಿ ನೋಟ್‌ಬುಕ್ಕನ್ನು ಗೌರವದಿಂದ ಇಸಿದುಕೊಂಡು ಟೈರಿನ ಮೇಲೆ ಇಡುತ್ತಾನೆ. “ಸಾವ್ಕಾರ್ರ, ಚಹಾ ಕುಡದು ಬರ್ರಿ” ಎಂದು ಕಳಿಸಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆದು, ನೀರು ಬಿಟ್ಟು, ಎರಡು ಬೊಗಸೆ ಹೊಟ್ಟು ಉದುರಿಸುತ್ತಾನೆ. ಸಾವ್ಕಾರ ಬರುವಷ್ಟರಲ್ಲಿ ಅದು ಚರಂಡಿ ಸೇರಿರುತ್ತದೆ. ಬಂದವನು ಹಸಿರು ಕೂಲಂಟ್ ತೆಗೆದು ಕೆಂಪು ಹಾಕಲು ಹೇಳುತ್ತಾನೆ, ಕೆಂಪು ಹೆಚ್ಚು ತಂಪು ಎಂದು ಆತನಿಗೆ ಯಾರೋ ಹೇಳಿದ್ದಾರೆ. ಬಣ್ಣ ಕಂಪನಿ ಬೆರೆಸಿದ್ದು, ತಂಪಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಮೇಸ್ತ್ರಿಗೆ ಗೊತ್ತು. ಆದರೆ ಡಬ್ಬಿ ಅವನ ಅಂಗಡಿಯದೇ. ಮರುದಿನ ಅಂಕಿ 91. ಒಂದು ವಾರದೊಳಗೆ ಸಿಂಧನೂರಿನಿಂದ ಲಿಂಗಸುಗೂರಿನವರೆಗಿನ ಸಾವ್ಕಾರರೆಲ್ಲ ಕೆಂಪು ಕೂಲಂಟ್ ಕೇಳತೊಡಗುತ್ತಾರೆ, ಮತ್ತು ಮೇಸ್ತ್ರಿ ಎರಡು ಪೆಟ್ಟಿಗೆ ಹೆಚ್ಚಿಗೆ ತರಿಸುತ್ತಾನೆ.